ಹಳೆ ಪೇಪರ್ ಕೂಡಿಸಿದರೆ ಸಾಕೇ? ಕೊಳ್ಳುವವರು ಯಾರು?

 

ಪರಿಸರ ಅಂದ ತಕ್ಷಣ ನಾವೆಲ್ಲ ಗಿಡ ನೆಡಿ, ನೀರು ಉಳಿಸಿ ಅಂತ ಬರೆಯುತ್ತೇವೆ. ಈ ಸಲ ಗೋಡೆ ಪತ್ರಿಕೆಗೆ ನಾನು ಹಳೆ ಕಾಗದದ ವಿಷಯ ತಗೊಂಡಿದ್ದೇನೆ. ಯಾಕೆ ಅಂದ್ರೆ ಅದು ನಮ್ಮ ಮನೆಯ ವಿಷಯ.

ನಮ್ಮಪ್ಪ ಹಳೆ ಪೇಪರ್ ವ್ಯಾಪಾರ ಮಾಡ್ತಾರೆ. ಬೆಳಿಗ್ಗೆ ಅಬ್ಬಿಗೆರೆಯಿಂದ ಗಾಡಿಯಲ್ಲಿ ಹೊರಟು ಶೆಟ್ಟಿಹಳ್ಳಿ, ಗಂಗಮ್ಮನ ಗುಡಿ, ವಿದ್ಯಾರಣ್ಯಪುರದ ಕಡೆ ಬೀದಿ ಬೀದಿ ಸುತ್ತುತ್ತಾರೆ. ಹಳೆ ಪತ್ರಿಕೆ, ನೋಟ್‌ಬುಕ್, ರಟ್ಟು ಎಲ್ಲ ತೂಕ ಹಾಕಿ ಕೊಂಡು, ಸಂಜೆ ಗುಜರಿ ಅಂಗಡಿಗೆ ಹಾಕ್ತಾರೆ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ದಿನ ಅಪ್ಪ ಮೂಟೆಗಳನ್ನು ವಾಪಸ್ ತಂದರು. "ರೇಟು ಬಿದ್ದೋಗಿದೆ, ಮೇಲಿನವರು ಮಾಲೇ ತಗೊಳ್ತಿಲ್ವಂತೆ" ಅಂದ್ರು. ಆ ಮೂಟೆಗಳು ನಮ್ಮ ನಡುಮನೆಯಲ್ಲಿ ಎರಡು ವಾರ ಇದ್ದವು. ನಾನು ಅವುಗಳ ಮೇಲೆ ಕೂತ್ಕೊಂಡೇ ಹೋಂವರ್ಕ್ ಮಾಡ್ತಿದ್ದೆ. ಆ ತಿಂಗಳು ಶಾಲೆಯ ಪ್ರವಾಸಕ್ಕೆ ನಾನು ದುಡ್ಡು ಕೇಳಲಿಲ್ಲ.

ಹಳೆ ಕಾಗದದಿಂದ ಹೊಸ ಕಾಗದ ಆಗುತ್ತೆ ಅಂತ ಪಾಠದಲ್ಲಿ ಓದಿದ್ದೇವೆ. ಹಾಗಿದ್ದರೆ ಮೂಟೆ ಯಾಕೆ ವಾಪಸ್ ಬಂತು? ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು ಮತ್ತು ನಾನು ಓದಿ ತಿಳಿದದ್ದು ಕೆಳಗೆ ಇದೆ.

1. ಹಳೆ ಕಾಗದ ಹೊಸದಾಗುವುದು ಹೇಗೆ?

ಕಾಗದ ಅಂದರೆ ಸಣ್ಣ ಸಣ್ಣ ನಾರುಗಳ ಹೆಣಿಗೆ. ಒಂದು ಹಾಳೆಯನ್ನು ನಿಧಾನಕ್ಕೆ ಹರಿದು ಅಂಚನ್ನು ಬೆಳಕಿಗೆ ಹಿಡಿಯಿರಿ, ನಾರು ಕಾಣುತ್ತೆ. ಮಿಲ್ಲಿನಲ್ಲಿ ಹಳೆ ಕಾಗದವನ್ನು ದೊಡ್ಡ ತೊಟ್ಟಿಯ ನೀರಿಗೆ ಹಾಕಿ ಕಡೆಯುತ್ತಾರೆ. ಅದು ದೋಸೆ ಹಿಟ್ಟಿನ ಹಾಗೆ ಆಗುತ್ತೆ. ಪಿನ್ನು, ಅಂಟು, ಪ್ಲಾಸ್ಟಿಕ್ಕನ್ನು ಜರಡಿ ಹಿಡಿದು ತೆಗೆಯುತ್ತಾರೆ. ಬಿಳಿ ಕಾಗದ ಬೇಕಿದ್ದರೆ ಸೋಪಿನಂಥ ಪದಾರ್ಥ ಹಾಕಿ ಗಾಳಿ ಊದುತ್ತಾರೆ. ಮಸಿ ಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ಬರುತ್ತೆ, ಅದನ್ನು ನೊರೆಯ ಜೊತೆ ತೆಗೆದುಬಿಡುತ್ತಾರೆ. ಉಳಿದ ಹಿಟ್ಟನ್ನು ಜಾಲರಿಯ ಮೇಲೆ ತೆಳ್ಳಗೆ ಹರಡಿ, ಒತ್ತಿ, ಒಣಗಿಸಿದರೆ ಕಾಗದ.

ಆದರೆ ಪ್ರತಿ ಸಲ ಹೀಗೆ ಮಾಡಿದಾಗ ನಾರು ಗಿಡ್ಡ ಆಗ್ತಾ ಹೋಗುತ್ತೆ. ಸುಮಾರು 5ರಿಂದ 7 ಸಲ ಆದ ಮೇಲೆ ಅದಕ್ಕೆ ಹಿಡಿತ ಇರೋದಿಲ್ಲ. ಅದಕ್ಕೆ ಸ್ವಲ್ಪ ಹೊಸ ನಾರು ಸೇರಿಸಲೇಬೇಕು.

2. ಕಾಗದ ಹುಟ್ಟಿದ್ದೇ ಹಳೆ ವಸ್ತುವಿನಿಂದ

ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡುವ ವಿಧಾನವನ್ನು ದೊರೆಗೆ ತೋರಿಸಿದ ಅಂತ ಹೇಳ್ತಾರೆ. ಅವನು ಬಳಸಿದ್ದು ಮರದ ತೊಗಟೆ, ಸೆಣಬು, ಹಳೆ ಚಿಂದಿ ಬಟ್ಟೆ ಮತ್ತು ಹರಿದ ಮೀನಿನ ಬಲೆ! ಆಮೇಲೂ ಬಹಳ ಕಾಲ ಜನ ಚಿಂದಿಯಿಂದಲೇ ಕಾಗದ ಮಾಡ್ತಿದ್ದರು. ಮರವನ್ನು ಅರೆದು ಮಾಡೋದು ಹೆಚ್ಚಾದದ್ದು 19ನೇ ಶತಮಾನದಲ್ಲಿ. ಹಾಗಾಗಿ "ಕಸದಿಂದ ರಸ" ಕಾಗದಕ್ಕೆ ಹೊಸ ಮಾತಲ್ಲ, ಹುಟ್ಟುಗುಣ.

3. ಬಿದಿರು ಮತ್ತು ಮೇದರು

ಹಳೆ ಕಾಗದ ಬಳಸದಿದ್ದರೆ ಹೊಸ ನಾರು ಎಲ್ಲಿಂದ ಬರಬೇಕು? ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಉತ್ತರ ಕನ್ನಡದ ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಮಿಲ್ಲು ಶುರುವಾಯಿತು. ಅದಕ್ಕೆ ಸರ್ಕಾರಿ ಕಾಡಿನ ಬಿದಿರು ಬಹಳ ಕಡಿಮೆ ಬೆಲೆಗೆ ಹೋಗುತ್ತಿತ್ತು. ಬಿದಿರು ಕಡಿಮೆಯಾಗುತ್ತಾ ಬಂದಾಗ ಬುಟ್ಟಿ, ಮೊರ ಹೆಣೆಯುವ ಮೇದರಿಗೆ ಕಷ್ಟವಾಯಿತು. ಅವರು ಸರ್ಕಾರದ ಹತ್ತಿರ ಹೇಳಿಕೊಂಡರು. ಆಗ, 1970ರ ದಶಕದಲ್ಲಿ, ನಮ್ಮ ಯಶವಂತಪುರದ ಹತ್ತಿರ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ (ಟಾಟಾ ಇನ್‌ಸ್ಟಿಟ್ಯೂಟ್) ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಕಾಡಿಗೆ ಹೋಗಿ ಅಧ್ಯಯನ ಮಾಡಿದರು.

ಬಿದಿರು ಚೆನ್ನಾಗಿ ಬೆಳೆಯಲಿ ಅಂತ ಮೆಳೆಯ ಬುಡದ ಮುಳ್ಳನ್ನು ಸವರಿಸಿ ತೆಗೆಸುತ್ತಿದ್ದರಂತೆ. ಊರಿನ ಜನ ಮಾತ್ರ "ಮುಳ್ಳು ತೆಗೆದರೆ ಎಳೆ ಕಳಲೆಯನ್ನು ದನ, ಕಾಡುಪ್ರಾಣಿ ತಿಂದು ಹಾಕ್ತವೆ" ಅಂತಿದ್ದರು. ಅಧ್ಯಯನದಲ್ಲಿ ಊರಿನವರ ಮಾತೇ ಸರಿ ಅಂತ ಗೊತ್ತಾಯಿತು. ಈಗ ಮಿಲ್ಲುಗಳು ನೀಲಗಿರಿ, ಸುಬಾಬುಲ್‌ನಂಥ ನೆಟ್ಟು ಬೆಳೆಸಿದ ಮರಗಳನ್ನೂ ಬಳಸುತ್ತವೆ. ಆದರೂ ಅದಕ್ಕೆ ಜಮೀನು ಬೇಕು, ನೀರು ಬೇಕು. ಹಳೆ ಕಾಗದಕ್ಕೆ ಜಮೀನು ಬೇಡ, ಅದು ನಮ್ಮ ಬೀದಿಯಲ್ಲೇ ಸಿಗುತ್ತೆ.

4. ಹಾಗಿದ್ದರೆ ಮೂಟೆ ಯಾಕೆ ವಾಪಸ್ ಬಂತು?

ಮೇಷ್ಟ್ರು ಒಂದು ಮಾತು ಹೇಳಿದರು: "ಟೊಮೇಟೊ ಬೆಳೆದರೆ ಸಾಲದು, ಸಂತೆಯಲ್ಲಿ ಕೊಳ್ಳೋರು ಇರಬೇಕು." ಕಾಗದವೂ ಹಾಗೇ. ಕೂಡಿಸುವುದು ಅರ್ಧ ಕೆಲಸ ಮಾತ್ರ. ಆ ಕಾಗದದಿಂದ ಮಾಡಿದ ವಸ್ತುವನ್ನು ಯಾರಾದರೂ ಕೊಂಡರೆ ಉಳಿದರ್ಧ ಆಗುತ್ತೆ.

ಅಮೆರಿಕದಲ್ಲೂ ಹೀಗೇ ಆಗಿತ್ತು. 1980ರ ದಶಕದ ಕೊನೆಗೆ ಅಲ್ಲಿ ಬಹಳ ಊರುಗಳು ಮನೆ ಮನೆಯಿಂದ ಹಳೆ ಪತ್ರಿಕೆ ಕೂಡಿಸಲು ಶುರು ಮಾಡಿದವು. ಕಾಗದ ರಾಶಿ ಬಿತ್ತು, ಕೊಳ್ಳುವ ಮಿಲ್ಲುಗಳು ಸಾಲಲಿಲ್ಲ. ಕೆಲವು ಊರುಗಳು ತಾವೇ ದುಡ್ಡು ಕೊಟ್ಟು ಸಾಗಿಸಬೇಕಾಯಿತು.

ನಮ್ಮಲ್ಲಿ ರೇಟು ಬೀಳೋಕೆ ಕಾರಣ ಒಂದೇ ಅಲ್ಲ. ನಮ್ಮ ದೇಶದ ಮಿಲ್ಲುಗಳು ಹೊರದೇಶದಿಂದಲೂ ಹಡಗಿನಲ್ಲಿ ಹಳೆ ಕಾಗದ ತರಿಸುತ್ತವೆ. ಮಳೆಗೆ ಒದ್ದೆಯಾದ ಕಾಗದ ಯಾರಿಗೂ ಬೇಡ. ಇನ್ನೊಂದು, ನಮ್ಮ ಬಿಳಿ ನೋಟ್‌ಬುಕ್ ಎಷ್ಟೋ ಸಲ ಬೇರೆ ಕಾಗದದ ಜೊತೆ ಬೆರೆತು ಕಂದು ರಟ್ಟಿನ ಡಬ್ಬ ಆಗಿಬಿಡುತ್ತೆ. ಮತ್ತೆ ಬರೆಯುವ ಕಾಗದ ಆಗಬೇಕಾದರೆ, ಬರೆಯೋಕೆ ಅದನ್ನು ಕೇಳುವ ಗಿರಾಕಿ ಬೇಕು.

5. ದೊಡ್ಡ ಗಿರಾಕಿ

ನಮ್ಮ ಶಾಲೆಯನ್ನೇ ನೋಡಿ. ಹಾಜರಿ ಪುಸ್ತಕ, ಅಂಕಪಟ್ಟಿ, ಟಿ.ಸಿ., ಪ್ರಶ್ನೆ ಪತ್ರಿಕೆ, ಪಠ್ಯಪುಸ್ತಕ, ಬಿಸಿಯೂಟದ ಲೆಕ್ಕದ ಪುಸ್ತಕ. ಒಂದು ಶಾಲೆಯಲ್ಲೇ ಇಷ್ಟು. ರಾಜ್ಯದ ಎಲ್ಲ ಶಾಲೆ, ನಾಡಕಚೇರಿ, ಆಸ್ಪತ್ರೆ, ಪೊಲೀಸ್ ಠಾಣೆ, ಕೋರ್ಟು ಸೇರಿಸಿದರೆ? ಕಚೇರಿಗಳಿಗೆ ಮುದ್ರಣ ಮತ್ತು ಕಾಗದದ ಕೆಲಸ ನೋಡಿಕೊಳ್ಳಲು ರಾಜ್ಯದಲ್ಲಿ ಒಂದು ಇಲಾಖೆಯೇ ಇದೆ, ಮುದ್ರಣ, ಲೇಖನ ಸಾಮಗ್ರಿ ಮತ್ತು ಪ್ರಕಟಣೆಗಳ ಇಲಾಖೆ. ನಮ್ಮ ಪಠ್ಯಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘ ಮುದ್ರಿಸಿ ಕೊಡುತ್ತೆ. ಇಷ್ಟು ದೊಡ್ಡ ಗಿರಾಕಿ "ಹಳೆ ಕಾಗದದಿಂದ ಮಾಡಿದ್ದು ಕೊಡಿ" ಅಂದರೆ ಮಿಲ್ಲಿನವರು ಮಾಡೇ ಮಾಡ್ತಾರೆ.

ಸರ್ಕಾರ ಹೆಚ್ಚಾಗಿ ಕೊಳ್ಳುವುದು ಟೆಂಡರ್ ಮೂಲಕ. ಇದಕ್ಕೆ ನಮ್ಮ ರಾಜ್ಯದಲ್ಲಿ 1999ರ ಒಂದು ಕಾಯ್ದೆ ಇದೆ. ಟೆಂಡರಿನಲ್ಲಿ ಏನು ಬರೆದಿದೆಯೋ ಅದೇ ಬರುತ್ತೆ. ಬರೆಯದಿದ್ದರೆ ಬರೋದಿಲ್ಲ.

6. ಒಂದು ಮುಖ್ಯವಾದ ಪದ

ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 1993ರ ಅಕ್ಟೋಬರ್‌ನಲ್ಲಿ ಒಂದು ಆದೇಶ ಹೊರಡಿಸಿದರು. ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳು ಕೊಳ್ಳುವ ಬರೆಯುವ ಮತ್ತು ಮುದ್ರಿಸುವ ಕಾಗದದಲ್ಲಿ, 1994ರ ಕೊನೆಗೆ ಕಡೇ ಪಕ್ಷ ಶೇಕಡ 20, 1998ರ ಕೊನೆಗೆ ಶೇಕಡ 30 "ಜನ ಬಳಸಿ ಬಿಟ್ಟ ಕಾಗದ"ದ ನಾರು ಇರಬೇಕು ಅಂತ.

"ಜನ ಬಳಸಿ ಬಿಟ್ಟ" ಅನ್ನುವ ಮಾತನ್ನು ಗಮನಿಸಿ. ಮಿಲ್ಲಿನಲ್ಲೂ ಪ್ರೆಸ್ಸಿನಲ್ಲೂ ಕಾಗದ ಕತ್ತರಿಸುವಾಗ ತುಂಡು ಬೀಳುತ್ತೆ. ಅದನ್ನು ಮತ್ತೆ ತೊಟ್ಟಿಗೆ ಹಾಕಿದರೂ ಮರುಬಳಕೆ ಕಾಗದ ಅನ್ನಬಹುದು. ಆಗ ಬೀದಿಯ ಕಾಗದ ಬೀದಿಯಲ್ಲೇ ಉಳಿಯುತ್ತೆ. ಆ ಒಂದು ಮಾತು ಬರೆದರೆ ಮಾತ್ರ ನಮ್ಮಪ್ಪನ ಮೂಟೆ ಮಿಲ್ಲು ಮುಟ್ಟುತ್ತೆ. ಇದನ್ನು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು.

7. ಮಡಕೆಯ ಗುರುತು

ನಮ್ಮ ದೇಶದಲ್ಲೂ 1991ರಲ್ಲಿ ಕೇಂದ್ರ ಸರ್ಕಾರ "ಇಕೋಮಾರ್ಕ್" ಅನ್ನುವ ಗುರುತು ತಂದಿತು. ಪರಿಸರಕ್ಕೆ ಹಾನಿ ಕಡಿಮೆ ಮಾಡುವ ವಸ್ತುಗಳ ಮೇಲೆ ಮಣ್ಣಿನ ಮಡಕೆಯ ಚಿತ್ರ ಹಾಕುವುದು. ಕಾಗದವೂ ಆ ಪಟ್ಟಿಯಲ್ಲಿತ್ತು. ಆದರೆ ಬಹಳ ಕಡಿಮೆ ಕಂಪನಿಗಳು ಅದನ್ನು ಪಡೆದವು. 2024ರಲ್ಲಿ ಇದಕ್ಕೆ ಹೊಸ ನಿಯಮ ಬಂದಿದೆ. ಜರ್ಮನಿಯಲ್ಲಿ 1978ರಿಂದಲೇ "ನೀಲಿ ದೇವತೆ" ಅನ್ನುವ ಇಂಥದ್ದೇ ಗುರುತು ಇದೆ. ಗುರುತು ಇದ್ದರೆ ಸಾಲದು, ನೋಡಿ ಕೊಳ್ಳುವವರು ಬೇಕು.

8. ಕೆಲವರು ಹೀಗೆ ಕೇಳಬಹುದು

ಪ್ರಶ್ನೆ: ಆ ಕಾಗದ ಸ್ವಲ್ಪ ಮಾಸಲು ಅಲ್ವಾ?
ಉತ್ತರ: ಕೆಲವು ಹಾಗಿರುತ್ತೆ. ಸುತ್ತೋಲೆ ಓದೋಕೆ, ಕಿರುಪರೀಕ್ಷೆ ಬರೆಯೋಕೆ ಹಾಲಿನಷ್ಟು ಬಿಳುಪು ಬೇಡ. ಕಣ್ಣಿಗೂ ಚುಚ್ಚೋದಿಲ್ಲ.

ಪ್ರಶ್ನೆ: ಬೇಗ ಹಾಳಾದರೆ?
ಉತ್ತರ: ಜನನ ಪತ್ರ, ಜಮೀನಿನ ದಾಖಲೆ ನೂರು ವರ್ಷ ಇರಬೇಕು. ಅಂಥವಕ್ಕೆ ಗಟ್ಟಿ ಕಾಗದವೇ ಇರಲಿ. ಒಂದು ವರ್ಷದಲ್ಲಿ ಮತ್ತೆ ಗುಜರಿಗೆ ಹೋಗುವ ಕಾಗದಕ್ಕೆ ಇದು ಸಾಕು.

9. ನೀವೇ ಲೆಕ್ಕ ಮಾಡಿ

ಕಾಗದದ ಕಟ್ಟಿನ ಮೇಲೆ 80 ಜಿ.ಎಸ್.ಎಂ. ಅಂತ ಬರೆದಿರುತ್ತೆ. ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 80 ಗ್ರಾಂ. ಎ4 ಹಾಳೆ 16 ಸೇರಿದರೆ ಒಂದು ಚದರ ಮೀಟರ್. ಆದ್ದರಿಂದ ಒಂದು ಹಾಳೆ 80 ÷ 16 = 5 ಗ್ರಾಂ.

ತರಗತಿಯಲ್ಲಿ 30 ಜನ, 6 ವಿಷಯ, ಪ್ರತಿ ಪ್ರಶ್ನೆ ಪತ್ರಿಕೆ 4 ಪುಟ ಅಂತ ಇಟ್ಟುಕೊಳ್ಳಿ. ಒಂದೇ ಬದಿ ಅಚ್ಚು ಹಾಕಿದರೆ 30 × 6 × 4 = 720 ಹಾಳೆ, ಅಂದರೆ 3 ಕಿಲೋ 600 ಗ್ರಾಂ. ಎರಡೂ ಬದಿ ಹಾಕಿದರೆ 1 ಕಿಲೋ 800 ಗ್ರಾಂ. ಹಳೆ ಕಾಗದದ ಹಾಳೆ ಕೊಳ್ಳುವುದಕ್ಕಿಂತ ಮೊದಲ ಪಾಠ ಇದೇ: ಎರಡೂ ಬದಿ ಬಳಸಿ.

10. ನಮ್ಮಿಂದ ಏನಾಗುತ್ತೆ?

ಈ ಗೋಡೆ ಪತ್ರಿಕೆಯನ್ನು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದೇವೆ. ಹಳೆ ನೋಟ್‌ಬುಕ್ಕನ್ನು ಒದ್ದೆ ಮಾಡದೆ, ಪ್ಲಾಸ್ಟಿಕ್ ಹೊದಿಕೆ ತೆಗೆದು, ಬಿಳಿ ಕಾಗದ ಬೇರೆ, ರಟ್ಟು ಬೇರೆ ಕಟ್ಟಿ ಕೊಡಿ. ಬೇರೆ ಮಾಡಿದ ಬಿಳಿ ಕಾಗದಕ್ಕೆ ರೇಟು ಜಾಸ್ತಿ ಅಂತ ಅಪ್ಪ ಹೇಳ್ತಾರೆ. ಗುರುಗಳಲ್ಲಿ ನನ್ನ ವಿನಂತಿ ಏನೆಂದರೆ, ಮುಂದಿನ ಸಲ ಶಾಲೆಗೆ ಕಾಗದ ತರುವಾಗ "ಬಳಸಿದ ಕಾಗದದಿಂದ ಮಾಡಿದ್ದು ಇದೆಯಾ?" ಅಂತ ಅಂಗಡಿಯಲ್ಲಿ ಒಂದು ಮಾತು ಕೇಳಿ. ಇಲ್ಲ ಅಂದರೂ ಪರವಾಗಿಲ್ಲ. ಕೇಳುವವರು ಇದ್ದಾರೆ ಅಂತ ಗೊತ್ತಾಗುತ್ತೆ. ಹನಿ ಹನಿ ಕೂಡಿದರೆ ಹಳ್ಳ.

ಇದನ್ನು ಬರೆದು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ನನ್ನ ಮೂಟೆ ಇಷ್ಟು ದೂರ ಹೋಗುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ" ಅಂದ್ರು.

ತಪ್ಪಿದ್ದರೆ ತಿದ್ದಿ ಹೇಳಿ.

ಏಳನೇ ತರಗತಿ ವಿದ್ಯಾರ್ಥಿನಿ, ಅಬ್ಬಿಗೆರೆ

ಉತ್ತರಿಸಿ ನೋಡಿ:
1) ನಾರನ್ನು ಎಷ್ಟು ಸಲ ಮತ್ತೆ ಬಳಸಬಹುದು?
2) ಮೇದರಿಗೂ ಕಾಗದಕ್ಕೂ ಏನು ಸಂಬಂಧ?
3) 500 ಹಾಳೆಯ ಒಂದು ಎ4 ಕಟ್ಟಿನ ತೂಕ ಎಷ್ಟು? (80 ಜಿ.ಎಸ್.ಎಂ.)