ತಾಂಡದ ತೊಟ್ಟಿಲು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಗೆ ಪ್ರಯಾಣ ಮಾಡುವವರಿಗೆ ಊರಿನಿಂದ ತುಸು ದೂರದಲ್ಲಿ ಬೇರೆಯಾಗಿ ನಿಂತ ಮನೆಗಳ ಗುಂಪುಗಳು ಕಾಣಿಸುತ್ತವೆ. ಇವೇ ಲಂಬಾಣಿಗರ ತಾಂಡಗಳು. ಎತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದ ಜನರಿವರು. ಈ ವ್ಯಾಪಾರಕ್ಕೆ ಅವರ ನುಡಿಯಲ್ಲಿ ‘ಲದೇಣಿ’ ಎಂದು ಹೆಸರು. ರೈಲು ಬಂದಿತು, ಲದೇಣಿ ನಿಂತಿತು. ಅಲೆದಾಟ ಮಾತ್ರ ನಿಲ್ಲಲಿಲ್ಲ.

ತಾಂಡದಲ್ಲಿ ಹುಟ್ಟಿದ ಮಗು ಒಂದೇ ಮನೆಯ ಸೊತ್ತಲ್ಲ. ಇದು ಹೋಳಿ ಹಬ್ಬದಲ್ಲಿ ನಡೆಯುವ ‘ಧುಂಡ’ ಎಂಬ ವಿಧಿಯಲ್ಲಿ ಸ್ಪಷ್ಟವಾಗಿ ತೋರುತ್ತದೆ. ಹಿಂದಿನ ಹೋಳಿಯಿಂದೀಚೆಗೆ ಹುಟ್ಟಿದ ಗಂಡುಮಗುವನ್ನು ತಾಯಿ ತೊಡೆಯ ಮೇಲಿರಿಸಿಕೊಂಡು ಕೂಡುವಳು. ತಾಂಡದ ಗಂಡಸರು ಮೇಲೆ ಹಿಡಿದ ಕೋಲಿಗೆ ಕೋಲು ತಾಗಿಸುತ್ತ, ಹಾಡುತ್ತ, ಶಿಶುವನ್ನು ಹರಸುವರು. ಬಳಿಕ ಹೆಂಗಸರು ಬಚ್ಚಿಟ್ಟ ತಿಂಡಿಯ ಪಾತ್ರೆಯನ್ನು ಹುಡುಕಬೇಕು. ಕಾವಲು ನಿಂತ ಹೆಂಗಸರ ಕೋಲಿನ ಏಟಿಗೆ ಬೆನ್ನೊಡ್ಡದೆ ಅದು ದೊರೆಯುವುದಿಲ್ಲ! ರೂಢಿಯಲ್ಲಿ ಹೆಣ್ಣುಮಗುವಿಗೆ ಈ ಹರಕೆಯಿಲ್ಲ. ಕನ್ನಡಿ, ಕವಡೆಗಳನ್ನು ಕೂಡಿಸಿ ಹೊಲಿಯುವ ಆ ಜನರ ಹೆಸರಾಂತ ಕಸೂತಿಯನ್ನು ತಾಯಿಯಿಂದ ಕಲಿತು ಉಳಿಸಿದವಳು ಅವಳೇ ಎಂಬುದನ್ನು ನೆನೆದರೆ, ಇದು ನ್ಯಾಯವೆನಿಸದು.

ಮಗುವಿನ ಮೊದಲ ಮಾತು ‘ಯಾಡಿ’, ಎಂದರೆ ತಾಯಿ. ರೊಟ್ಟಿ ಅದಕ್ಕೆ ‘ಬಾಟಿ’. ಸ್ವಂತ ಲಿಪಿಯಿಲ್ಲದ ಈ ನುಡಿಯನ್ನು ಅಜ್ಜಿಯ ಹಾಡು, ಕತೆಗಳೇ ಕಲಿಸುತ್ತವೆ. ಶಾಲೆಗೆ ಬಂದಾಗ ಕನ್ನಡವು ಎಷ್ಟೋ ಮಕ್ಕಳಿಗೆ ಹೊಸ ಭಾಷೆ. ಮೊದಲ ದಿನಗಳ ಅವರ ಮೌನವನ್ನು ದಡ್ಡತನವೆಂದು ಎಣಿಸುವುದು ತಪ್ಪು.

ಮಳೆಯನ್ನೇ ನಂಬಿದ ಹೊಲದ ಸುಗ್ಗಿ ಮುಗಿದೊಡನೆ ಅನೇಕ ಕುಟುಂಬಗಳು ಕೂಲಿಯನ್ನರಸಿ ಮುಂಬಯಿ, ಪುಣೆಗಳಿಗೆ ಹೊರಡುತ್ತವೆ. ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟು ಕಾರ್ಖಾನೆಗಳು ಸಮೀಪದಲ್ಲಿದ್ದರೂ ಎಲ್ಲರಿಗೂ ಅಲ್ಲಿ ಕೆಲಸವೆಲ್ಲಿ? ಕಟ್ಟಡದ ನೆರಳಿನಲ್ಲಿ ಕಟ್ಟಿದ ಸೀರೆಯ ಜೋಳಿಗೆಯೇ ಕೂಸಿಗೆ ತೊಟ್ಟಿಲು. ತೂಗುವವಳು ಅಕ್ಕ, ಶಾಲೆಯಲ್ಲಿ ತೆರವಾದ ಜಾಗವೂ ಅವಳದೇ.

ಕೆಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. 2002ರಲ್ಲಿ ಈ ಭಾಗದ ಶಾಲೆಗಳಲ್ಲಿ ಬಿಸಿಯೂಟ ಆರಂಭವಾದುದರಿಂದ ಅಜ್ಜಿಯ ಹೊರೆ ಸ್ವಲ್ಪ ಇಳಿಯಿತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಲಬುರಗಿಯೂ ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ಹಕ್ಕುಪತ್ರ ನೀಡುವ ಸಮಾರಂಭ ನಡೆಯಿತು. ನಿಂತ ನೆಲ ತಮ್ಮದೆಂಬ ಬರಹ ಅವರ ಕೈಗೆ ಬಂದಿತು. ಆದರೆ ಕೂಲಿ ದೂರದಲ್ಲಿಯೇ ಇದೆ. ಅಕ್ಕನು ಜೋಳಿಗೆಯ ಬಳಿ ಇರಬೇಕೋ, ಅಜ್ಜಿಯೊಡನೆ ಉಳಿದು ಶಾಲೆಗೆ ಹೋಗಬೇಕೋ ಎಂಬುದನ್ನು ಪ್ರತಿವರ್ಷ ಸುಗ್ಗಿಯ ಬಳಿಕ ತಾಯಿಯೇ ತೀರ್ಮಾನಿಸಬೇಕಾಗಿದೆ.