ಅಪ್ಪ ಜಗಲಿಗೆ ಎದ್ದು ಹೋದ ಮೇಲೆ

ಪ್ರಶ್ನೆ: ನನಗೆ 42 ವರ್ಷ. ಭದ್ರಾವತಿಯ ನ್ಯೂಟೌನ್‌ನಲ್ಲಿ ಹಳೆಯ ಹೆಂಚಿನ ಮನೆ, ಹತ್ತಡಿಗೆ ಹದಿನಾಲ್ಕಡಿ ಹಾಲು. ಕೆಲಸಕ್ಕೆ ದಿನಾ ಶಿವಮೊಗ್ಗಕ್ಕೆ ಓಡಾಡುತ್ತೇನೆ. ಹೋದ ವರ್ಷ 55 ಇಂಚಿನ ಟಿ.ವಿ. ತಂದೆವು. ಅಂದಿನಿಂದ ಮನೆಯಲ್ಲಿ ವಾಲ್ಯೂಮಿನ ಜಗಳ. ಅಪ್ಪನಿಗೆ 74. ಮಾತು ತಿಳಿಯುತ್ತಿಲ್ಲ ಅಂತ ಜೋರು ಮಾಡುತ್ತಾರೆ. ಫೈಟು ಬಂದ ಕೂಡಲೇ ಮನೆ ನಡುಗುತ್ತದೆ, ಪಿಯುಸಿ ಓದುವ ಮಗಳು ಒಳಗಿನಿಂದ ಕೂಗುತ್ತಾಳೆ. ಈಗ ಅಪ್ಪ ಟಿ.ವಿ. ಸಹವಾಸವೇ ಬೇಡ ಅಂತ ಜಗಲಿಯಲ್ಲಿ ರೇಡಿಯೋ ಇಟ್ಟುಕೊಂಡು ಕೂರುತ್ತಾರೆ. ಒಳ್ಳೆಯ ಹೋಮ್ ಥಿಯೇಟರ್ ಹಾಕಿಸೋಣ ಎಂದು 50 ಸಾವಿರ ಎತ್ತಿಟ್ಟಿದ್ದೇನೆ. ಒಂದು ಅಂಗಡಿಯಲ್ಲಿ ಸಾವಿರಾರು ವ್ಯಾಟಿನ ಸೆಟ್ ತೋರಿಸಿದರು. ಇನ್ನೊಂದು ಕಡೆ, ಅಟ್ಮಾಸ್ ಇಲ್ಲದ ರಿಸೀವರ್ ತಗೊಳ್ಳಲೇಬೇಡಿ ಎಂದರು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ತನ್ನ ಹಳೇ ರಿಸೀವರ್ ತಂದುಕೊಡುತ್ತೇನೆ ಎನ್ನುತ್ತಾನೆ. ಹದಿನೈದು ವರ್ಷದ ಹಿಂದೆ ಕೊಂಡ ಒಂದು ಜೊತೆ ಸ್ಪೀಕರ್ ಅಟ್ಟದ ಮೇಲಿದೆ. ಹೆಂಡತಿಗೆ ಇದೆಲ್ಲ ದಂಡದ ಖರ್ಚು. ಏನು ಮಾಡಲಿ?
— ಹೆಸರು ಬೇಡ, ಭದ್ರಾವತಿ

ಉತ್ತರ: ನಿಮ್ಮ ಪತ್ರದಲ್ಲಿ ವ್ಯಾಟು, ಅಟ್ಮಾಸ್, ಅಮೆರಿಕ ಎಲ್ಲ ಇವೆ. ಆದರೆ ನನ್ನ ಮನಸ್ಸು ನಿಂತದ್ದು ಜಗಲಿಯ ಆ ರೇಡಿಯೋ ಹತ್ತಿರ. ನಿಮ್ಮ ತಂದೆಯವರಿಗೆ ರೇಡಿಯೋ ತಿಳಿಯುತ್ತದೆ, ಟಿ.ವಿ. ತಿಳಿಯುವುದಿಲ್ಲ. ಇದು ಯಾಕೆ ಎಂದು ನೋಡಿದರೆ, ಯಾವ ರಿಸೀವರ್ ಕೊಳ್ಳಬೇಕು ಎನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ನಿಮ್ಮ ತಂದೆಯವರ ಕಿವಿ ಪಳಗಿದ್ದು 675 ಕಿಲೋಹರ್ಟ್ಸ್‌ನ ಆ ಧ್ವನಿಗಳ ಜೊತೆ. ಅಲ್ಲಿ ಉದ್ಘೋಷಕರು ಸದ್ದಿಲ್ಲದ ಕೋಣೆಯಲ್ಲಿ, ಮೈಕಿಗೆ ಹತ್ತಿರ ಕೂತು ಮಾತಾಡುತ್ತಾರೆ. ಒಂದು ಹೊತ್ತಿಗೆ ಒಂದೇ ದನಿ. ಪ್ರಸಾರಕ್ಕೆ ಹೋಗುವ ಮೊದಲು ಮೆಲ್ಲಗಿನದನ್ನು ಎತ್ತಿ, ಜೋರಿನದನ್ನು ಅದುಮಿ ಸಮ ಮಾಡಿರುತ್ತಾರೆ. ಕೊನೆಗೆ ಅದು ಬರುವುದು ಎದುರಿಗೇ ಮುಖ ಮಾಡಿದ ಒಂದು ಸ್ಪೀಕರಿನಿಂದ. ಸಿನಿಮಾದ್ದು ಇದರ ತದ್ವಿರುದ್ಧ. ದೊಡ್ಡ ಚಿತ್ರಮಂದಿರಕ್ಕೆಂದು ಹೊಂದಿಸಿದ ಶಬ್ದದಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ನೆಲಕ್ಕೂ ಮುಗಿಲಿಗೂ ಇರುವಷ್ಟು ಅಂತರ. ಅದು ನಿಮ್ಮ ತೆಳು ಟಿ.ವಿ.ಯ ಕೆಳಗೋ ಹಿಂದೋ ಮುಖ ಮಾಡಿದ ಪುಟ್ಟ ಸ್ಪೀಕರಿನಿಂದ ಹೊರಟು, ಗೋಡೆಗೆ ಶೋಕೇಸಿಗೆ ಬಡಿದು, ಕಲಸಿಕೊಂಡು ಕುರ್ಚಿ ತಲುಪುತ್ತದೆ.

ಇದರ ಮೇಲೆ ವಯಸ್ಸು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸದ್ದುಗಳನ್ನು. ನಮ್ಮ ಮಾತಿನಲ್ಲಿ ಅ, ಆ, ಒ, ಓ ಮುಂತಾದ ಸ್ವರಗಳಿಗೆ ತಗ್ಗಿನ ದನಿ, ಒಳ್ಳೆಯ ಬಲ. ಕ, ಚ, ತ, ಸ, ಶ ಇವು ಎತ್ತರದಲ್ಲಿ ಕ್ಷಣಕಾಲ ಮಿಂಚಿ ಹೋಗುವ ದುರ್ಬಲ ಸದ್ದುಗಳು. ಹಾಗಾಗಿ ಅವರಿಗೆ ದನಿ ಕೇಳುತ್ತದೆ, ಪದ ಕೇಳುವುದಿಲ್ಲ. ಅಂದದ್ದು ‘ಕಾಸು’ ಅಂತಲೋ ‘ತಾಸು’ ಅಂತಲೋ ಗೊತ್ತಾಗದೆ ರಿಮೋಟ್ ಒತ್ತುತ್ತಾರೆ. ಒತ್ತಿದರೆ ಏರುವುದು ಆ ಒಂದು ವ್ಯಂಜನವಲ್ಲ, ಹಿನ್ನೆಲೆಯ ಡೋಲು, ಮಳೆ, ಕಾರು ಎಲ್ಲವೂ. ದಯವಿಟ್ಟು ಇದನ್ನು ನಿಮ್ಮ ಮಗಳಿಗೆ ಬಿಡಿಸಿ ಹೇಳಿ. ತಾತ ಹಟ ಮಾಡುತ್ತಿಲ್ಲ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಅವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ–ಮೂಗು–ಗಂಟಲು ವಿಭಾಗಕ್ಕೆ ಕರೆದುಕೊಂಡು ಹೋಗಿ. ಗುಗ್ಗೆ ಕಟ್ಟಿದ್ದರೆ ಅದನ್ನು ತೆಗೆಸಿದರೇ ಅರ್ಧ ಕಷ್ಟ ಹೋಗಬಹುದು. ಶ್ರವಣ ಪರೀಕ್ಷೆ ಮಾಡಿಸಿ, ಯಾವ ಸ್ವರದಲ್ಲಿ ಎಷ್ಟು ಕೊರತೆ ಎಂಬ ನಕ್ಷೆ ಕೈಗೆ ಸಿಗುತ್ತದೆ. ಶ್ರವಣ ಸಾಧನ ಬೇಕು ಎಂದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಅದೂ 1965ರಲ್ಲೇ ಹುಟ್ಟಿದ್ದು. ಸಾಧನ ಬೇಕಾದ ಕಿವಿಗೆ ರಿಸೀವರ್ ಕೊಡಿಸಿ ಸುಮ್ಮನಾಗುವುದು ಸರಿಯಲ್ಲ.

ಇನ್ನು ರಿಸೀವರ್ ವಿಚಾರ. ಸಿನಿಮಾದ ಶಬ್ದ 5.1 ಆಗಿ ಬಂದಾಗ ಮುಂದೆ ಎಡ, ಬಲ, ನಡು, ಹಿಂದೆ ಎರಡು, ಜೊತೆಗೆ ಸಬ್‌ವೂಫರಿಗೆ ಒಂದು, ಹೀಗೆ ಬೇರೆ ಬೇರೆ ಹಾದಿ ಇರುತ್ತದೆ. ಮಾತು ಬಹುಪಾಲು ಬರುವುದು ನಡುವಿನ ಹಾದಿಯಲ್ಲಿ, ಅಂದರೆ ಸೆಂಟರ್ ಸ್ಪೀಕರಿನಲ್ಲಿ. ಟಿ.ವಿ. ಇವನ್ನೆಲ್ಲ ಒಂದೇ ಪಾತ್ರೆಗೆ ಸುರಿದುಬಿಡುತ್ತದೆ. ರಿಸೀವರ್ ಬೇರೆ ಬೇರೆಯಾಗಿಯೇ ಇಡುತ್ತದೆ, ಪ್ರತಿಯೊಂದಕ್ಕೂ ಬೇರೆ ಹಿಡಿತ ಕೊಡುತ್ತದೆ. ಫೈಟು ಇದ್ದಷ್ಟೇ ಇರಲಿ, ಮಾತು ಮಾತ್ರ ಮೂರು ಡೆಸಿಬೆಲ್ ಮೇಲೆ ಬರಲಿ ಎಂದು ಅದಕ್ಕೆ ಹೇಳಬಹುದು. ನಿಮ್ಮ ಮನೆಗೆ ರಿಸೀವರ್ ಬೇಕಾಗಿರುವುದು ಈ ಒಂದು ಕಾರಣಕ್ಕೆ. ಬರೀ ಟಿ.ವಿ. ಜೊತೆ ಹೊಸದಾಗಿ ಶುರು ಮಾಡುವವರಿಗೆ ನಾನು ಸೆಂಟರ್ ಇರುವ 3.1 ಸೌಂಡ್‌ಬಾರ್ ಸಾಕು ಎನ್ನುತ್ತಿದ್ದೆ. 2.1 ಸೌಂಡ್‌ಬಾರಿನಲ್ಲಿ ಪ್ರತ್ಯೇಕ ಸೆಂಟರ್ ಇರುವುದಿಲ್ಲ, ನೆನಪಿರಲಿ. ಆದರೆ ನಿಮ್ಮ ಅಟ್ಟದ ಮೇಲೆ ಒಂದು ಜೊತೆ ಸ್ಪೀಕರ್ ಇದೆ. ಅದಕ್ಕೆ ಮತ್ತೆ ಜೀವ ಕೊಡಬಹುದು, ಮುಂದೆ ಕೈಗೆ ಹಣ ಬಂದಾಗ ಒಂದೊಂದೇ ಸೇರಿಸಬಹುದು. ನಾನು ರಿಸೀವರ್ ಕಡೆಗೇ ವಾಲುತ್ತೇನೆ.

ಸಾವಿರಾರು ವ್ಯಾಟಿನ ಸೆಟ್ ಬೇಡ. ಡಬ್ಬದ ಮೇಲೆ ಬರೆಯುವ ಪಿ.ಎಂ.ಪಿ.ಓ. ವ್ಯಾಟಿಗೆ ಅರ್ಥವಿಲ್ಲ. ಸೆಟ್ಟಿನ ಬೆನ್ನಿನಲ್ಲಿ ಅದು ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಅಚ್ಚಾಗಿರುತ್ತದೆ, ಅದನ್ನು ಓದಿ. ಗೋಡೆಯಿಂದ 60 ವ್ಯಾಟ್ ಎಳೆಯುವ ಯಂತ್ರ ನಿರಂತರವಾಗಿ ಸಾವಿರ ವ್ಯಾಟ್ ಕೊಡಲಾರದು. ಹಾಗಿದ್ದರೆ ಎಷ್ಟು ಬೇಕು? ಸಾಧಾರಣ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 88 ಡೆಸಿಬೆಲ್ ಸದ್ದು ಬರುತ್ತದೆ. ಎಂಟಡಿ ದೂರದ ಕುರ್ಚಿಗೆ ಬರುವಾಗ ಅದು 80ರ ಆಸುಪಾಸಿಗೆ ಇಳಿದಿರುತ್ತದೆ. ಮಾಮೂಲಿ ಮಾತುಕತೆ 60–65 ಡೆಸಿಬೆಲ್. ಅಂದರೆ ನಿಮ್ಮ ಹಾಲಿನಲ್ಲಿ ಮಾತಿಗೆ ಒಂದು ವ್ಯಾಟೂ ಪೂರ್ತಿ ಖರ್ಚಾಗುವುದಿಲ್ಲ. ಸದ್ದು ಕಿವಿಗೆ ಎರಡರಷ್ಟು ಎನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು ಎನ್ನುವುದನ್ನು ಲೆಕ್ಕಕ್ಕೆ ಹಿಡಿದರೂ, ಪ್ರಾಮಾಣಿಕವಾದ 70 ವ್ಯಾಟ್ ನಿಮಗೆ ಧಾರಾಳ.

ಅಟ್ಮಾಸ್ ಕೂಡ ಬೇಡ, ಅದಕ್ಕೆ ಕಾರಣ ನಿಮ್ಮ ಸೂರು. 2012ರಲ್ಲಿ ಬಂದ ಈ ತಂತ್ರ ತಲೆಯ ಮೇಲಿಂದಲೂ ಸದ್ದು ಬರುವಂತೆ ಮಾಡುತ್ತದೆ. ಮನೆಗಳಲ್ಲಿ ಇದಕ್ಕೆಂದು ಮೇಲ್ಮುಖದ ಸ್ಪೀಕರ್ ಇಟ್ಟು ಸದ್ದನ್ನು ಚಾವಣಿಗೆ ಹೊಡೆಸಿ ಕೆಳಗೆ ಇಳಿಸುತ್ತಾರೆ. ಅದಕ್ಕೆ ಸಪಾಟಾದ ಗಟ್ಟಿ ಚಾವಣಿ ಬೇಕು. ಇಳಿಜಾರು ಹೆಂಚಿನ ಮಾಡಿಗೆ ಹೊಡೆದ ಸದ್ದು ಎತ್ತಲೋ ಹೋಗುತ್ತದೆ. ಆ ಹಣ ಸೆಂಟರ್ ಸ್ಪೀಕರಿಗೆ ಹೋಗಲಿ.

ಅಮೆರಿಕದ ತಮ್ಮನಿಗೆ ಪ್ರೀತಿಯಿಂದಲೇ ಬೇಡ ಅನ್ನಿ. ಅಲ್ಲಿಯ ರಿಸೀವರ್ 120 ವೋಲ್ಟಿನದು, ನಮ್ಮಲ್ಲಿ 230. ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಬೇಕು, ಅದರ ಗುಂಯ್ ಸದ್ದು ಕೇಳಬೇಕು, ವಾರಂಟಿಯಂತೂ ಇಲ್ಲ.

ಹಾಗಾದರೆ ಯಾವುದು? ಯಮಹಾದ ಆರ್‌ಎಕ್ಸ್-ವಿ385, ಡೆನಾನ್‌ನ ಎವಿಆರ್-ಎಕ್ಸ್250ಬಿಟಿ, ಸೋನಿಯ ಎಸ್‌ಟಿಆರ್-ಡಿಎಚ್590, ಇವು ಮೂರೂ ಕೆಳಗಿನ ಮೆಟ್ಟಿಲಿನ ಮಾಡೆಲ್‌ಗಳು, ಐದು ಸ್ಪೀಕರ್ ನಡೆಸುವಂಥವು. 2018ರಲ್ಲಿ ಬಂದ ಯಮಹಾ, ಎರಡು ಚಾನೆಲ್ ನಡೆಯುವಾಗ ತಲಾ 70 ವ್ಯಾಟ್ ಕೊಡುತ್ತದೆ ಎಂದು ಕಂಪನಿಯೇ ಹೇಳುತ್ತದೆ. ನನ್ನ ಒಲವು ಅದರ ಕಡೆಗೆ, ಕೋಣೆಯನ್ನು ಅಳೆಯುವ ಮೈಕ್ ಅದರ ಜೊತೆಗೇ ಬರುತ್ತದೆ ಎಂಬ ಕಾರಣಕ್ಕೆ. ಮಾಡೆಲ್‌ಗಳು ಬರುತ್ತವೆ, ಹೋಗುತ್ತವೆ. ಶಿವಮೊಗ್ಗದ ನೆಹರೂ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ನೀವು ಕೇಳುವ ದಿನ ಬೇರೆ ಮಾಡೆಲ್ ಇದ್ದರೂ ಮೂರು ವಿಷಯ ಬಿಡಬೇಡಿ: ಟಿ.ವಿ.ಯ ಶಬ್ದವನ್ನು ರಿಸೀವರಿಗೆ ತರುವ ಎಚ್‌ಡಿಎಂಐ ಎಆರ್‌ಸಿ ಇರಬೇಕು, ಡಬ್ಬದೊಳಗೆ ಅಳತೆಯ ಮೈಕ್ ಇರಬೇಕು, ಕೆಟ್ಟರೆ ಅದನ್ನು ಯಾರು ಯಾವ ಊರಿಗೆ ಹೊತ್ತೊಯ್ಯುತ್ತಾರೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. 8ಕೆ ಎಂಬ ಹೆಸರಿಗೆ ಹೆಚ್ಚು ಕೊಡಬೇಡಿ. ಸೆಟ್‌ಟಾಪ್ ಬಾಕ್ಸು ಮುಂತಾದವನ್ನೆಲ್ಲ ನೇರ ಟಿ.ವಿ.ಗೆ ಸೇರಿಸಿ, ಎಆರ್‌ಸಿ ತಂತಿಯಲ್ಲಿ ಶಬ್ದವನ್ನು ಮಾತ್ರ ರಿಸೀವರಿಗೆ ಕಳಿಸಿದರೆ ಚಿತ್ರ ರಿಸೀವರ್ ಮೂಲಕ ಹಾಯುವುದೇ ಇಲ್ಲ.

ಹಣದಲ್ಲಿ ಅರ್ಧ, ಹೆಚ್ಚೆಂದರೆ ನೂರಕ್ಕೆ ಅರವತ್ತು ಭಾಗ ರಿಸೀವರಿಗೆ. ಉಳಿದದ್ದರಲ್ಲಿ ದೊಡ್ಡ ಪಾಲು ಒಳ್ಳೆಯ ಸೆಂಟರಿಗೆ. ಅಟ್ಟದ ಸ್ಪೀಕರ್ ಇಳಿಸಿ, ಬೆನ್ನಿನಲ್ಲಿ 6 ಅಥವಾ 8 ಓಮ್ ಎಂದು ಇದೆಯೇ ನೋಡಿ, ಕೋನಿನ ಸುತ್ತಲಿನ ಫೋಮು ಉದುರಿದೆಯೇ ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಸರಿ ಇದ್ದರೆ ಎಡ–ಬಲಕ್ಕೆ ಅವೇ. ತಂತಿಗೆ ಒಂದೂವರೆ ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ವೈರನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ತನ್ನಿ. ಹಿಂದಿನ ಸ್ಪೀಕರ್, ಸಬ್‌ವೂಫರ್ ಈ ವರ್ಷ ಬೇಡ. ಮಗಳ ಪರೀಕ್ಷೆ ಮುಗಿಯಲಿ.

ಕೊಳ್ಳುವ ದಿನ ಅಪ್ಪನನ್ನೂ ಕರೆದೊಯ್ಯಿರಿ. ಅಂಗಡಿಯವರು ಹಾಕುವ ಗುಡುಗು ಸಿಡಿಲಿನ ಡೆಮೊ ನಿಲ್ಲಿಸಲು ಹೇಳಿ, ‘ತಿಥಿ’ಯಂಥ ಸಿನಿಮಾದ ಮಾತಿನ ದೃಶ್ಯ ಹಾಕಿಸಿ. ಹಳ್ಳಿಯ ಜನ ಬೀದಿಯಲ್ಲಿ ನಿಂತು ಆಡುವ ಮಾತು ಕಡಿಮೆ ವಾಲ್ಯೂಮಿನಲ್ಲಿ ಬಿಡಿಬಿಡಿಯಾಗಿ ಕೇಳಿಸಿದರೆ ಆ ಸೆಂಟರ್ ಒಳ್ಳೆಯದು. ತೀರ್ಪು ಅಪ್ಪನದಾಗಲಿ, ನಿಮ್ಮದಲ್ಲ.

ಮನೆಗೆ ತಂದ ಮೇಲೆ ಬಹಳ ಜನ ಎಡವುವ ಜಾಗ ಒಂದಿದೆ. ಟಿ.ವಿ.ಯ ಸೆಟ್ಟಿಂಗಿನಲ್ಲಿ ಡಿಜಿಟಲ್ ಆಡಿಯೋ ‘ಪಿಸಿಎಂ’ ಎಂದಿದ್ದರೆ ಎಆರ್‌ಸಿಯಲ್ಲಿ ಬರುವುದು ಎರಡೇ ಚಾನೆಲ್. ಅದನ್ನು ‘ಪಾಸ್‌ಥ್ರೂ’ ಅಥವಾ ‘ಬಿಟ್‌ಸ್ಟ್ರೀಮ್’ ಮಾಡಿ. ನಾನು ಇದನ್ನು ಗಮನಿಸದೆ ಎರಡು ತಿಂಗಳು ಸ್ಪೀಕರನ್ನೇ ಅನುಮಾನಿಸಿದ್ದೆ. ಇನ್ನೊಂದು ಮಾತು. ಕೇಬಲ್, ಡಿಶ್ ಚಾನೆಲ್‌ಗಳಲ್ಲಿ ಬರುವುದು ಹೆಚ್ಚಾಗಿ ಎರಡೇ ಚಾನೆಲ್ಲಿನ ಸದ್ದು. ರಾಜ್‌ಕುಮಾರ್ ಅವರ ಹಳೆಯ ಚಿತ್ರಗಳಂತೂ ಮೂಲದಲ್ಲೇ ಮೋನೋ. ಹಾಗೇ ಬಿಟ್ಟರೆ ಸೆಂಟರ್ ಮೂಕವಾಗಿ ಕೂರುತ್ತದೆ. ‘ಡಾಲ್ಬಿ ಸರೌಂಡ್’ ಅಥವಾ ‘ಪ್ರೊ ಲಾಜಿಕ್’ ಎಂಬ ಮೋಡ್ ಹಾಕಿ, ಮಾತು ನಡುವಿಗೆ ಬಂದು ಕೂತುಕೊಳ್ಳುತ್ತದೆ.

ಅಳತೆಯ ಮೈಕನ್ನು ಅಪ್ಪ ಕೂರುವ ಕುರ್ಚಿಯಲ್ಲಿ, ಅವರ ಕಿವಿಯ ಎತ್ತರಕ್ಕೆ ಪುಸ್ತಕ ಪೇರಿಸಿ ಇಡಿ. ಫ್ಯಾನ್ ನಿಲ್ಲಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ. ಅಳತೆ ಮುಗಿದ ಮೇಲೆ ಸೆಂಟರನ್ನು ಮೂರು ಡೆಸಿಬೆಲ್ ಏರಿಸಿ, ಸಾಲದಿದ್ದರೆ ಇನ್ನೊಂದು. ಕೊನೆಗೆ ‘ನೈಟ್ ಮೋಡ್’ ಅಥವಾ ‘ಡಿಆರ್‌ಸಿ’ ಎನ್ನುವುದನ್ನು ಹುಡುಕಿ ಹಚ್ಚಿ. ಜೋರಿನದನ್ನು ಅದುಮಿ ಮೆಲ್ಲಗಿನದನ್ನು ಎತ್ತುವ, ಆಕಾಶವಾಣಿಯವರು ಮಾಡುತ್ತ ಬಂದ ಅದೇ ಕೆಲಸ ಇದು. ಮಗಳ ಓದಿಗೂ ಇದರಿಂದ ನೆಮ್ಮದಿ. ಸೆಂಟರ್ ಸ್ಪೀಕರನ್ನು ಶೋಕೇಸಿನ ಆಳಕ್ಕೆ ತಳ್ಳದೆ ಅಂಚಿಗೆ ತಂದು, ಸ್ವಲ್ಪ ಮೇಲ್ಮುಖವಾಗಿ ವಾಲಿಸಿ ಇಡಿ.

ಮಲೆನಾಡಿನ ಸೆರಗಿನಲ್ಲಿ ಇರುವವರು ಸಿಡಿಲಿಗೆ ಹೆದರಲೇಬೇಕು. ನಾಲ್ಕು ವರ್ಷದ ಹಿಂದೆ ಮೇ ತಿಂಗಳ ಒಂದು ಸಂಜೆ ನಾನು ಪ್ಲಗ್ ಎಳೆದಿದ್ದೆ, ಡಿಶ್ಶಿನ ತಂತಿ ಎಳೆದಿರಲಿಲ್ಲ. ಎಲ್ಲೋ ಹತ್ತಿರದಲ್ಲಿ ಸಿಡಿಲು ಬಡಿಯಿತು. ಟಿ.ವಿ.ಯದೂ ರಿಸೀವರಿನದೂ ಎಚ್‌ಡಿಎಂಐ ಭಾಗ ಒಟ್ಟಿಗೆ ಹೋದವು. ಗುಡುಗು ಕೇಳಿಸಿದ ಕೂಡಲೇ ಪ್ಲಗ್, ಡಿಶ್ಶಿನ ತಂತಿ ಎರಡನ್ನೂ ತೆಗೆಯುವುದು ಮನೆಯ ಎಲ್ಲರಿಗೂ ರೂಢಿಯಾಗಲಿ. ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆದು ತೋರಿಸಿ. ರಿಸೀವರ್ ಬಿಸಿಯಾಗುವ ಯಂತ್ರ, ಮೇಲೆ ಗೇಣುದ್ದ ಜಾಗ ಬಿಡಿ, ಕ್ರೋಶಾ ಬಟ್ಟೆ ಹೊದಿಸಬೇಡಿ. ಜುಲೈ, ಆಗಸ್ಟಿನ ಥಂಡಿಯಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಒಂದು ತಾಸು ನಡೆಸಿ, ಒಳಗಿನ ತೇವ ಆರುತ್ತದೆ.

ನಿಮ್ಮ ಹೆಂಡತಿಯ ಮಾತನ್ನು ತಳ್ಳಿಹಾಕಬೇಡಿ. ಅಂಗಡಿಯವರ ಪಟ್ಟಿಯ ಪ್ರಕಾರ ಕೊಂಡಿದ್ದರೆ ಅದು ದಂಡದ ಖರ್ಚೇ ಆಗುತ್ತಿತ್ತು. ಈ ಲೆಕ್ಕವನ್ನು ಅವರ ಮುಂದಿಡಿ.

ಅಂದ ಹಾಗೆ, ಈ ಯಂತ್ರಕ್ಕೆ ರಿಸೀವರ್ ಎಂದು ಹೆಸರು ಬಂದದ್ದೇ ಅದರ ಹೊಟ್ಟೆಯಲ್ಲಿ ರೇಡಿಯೋ ಇರುವುದರಿಂದ. ಡಬ್ಬದಲ್ಲಿ ಒಂದು ತೆಳು ತಂತಿಯ ಆಂಟೆನಾ ಇರುತ್ತದೆ, ಜನ ಅದನ್ನು ಕವರಿನಿಂದ ಬಿಚ್ಚುವುದೇ ಇಲ್ಲ. ನೀವು ಬಿಚ್ಚಿ, ಕಿಟಕಿಯ ಪಕ್ಕ ಅಂಟಿಸಿ, ಭದ್ರಾವತಿ ಆಕಾಶವಾಣಿಯ ಎಫ್‌ಎಂ 103.5 ಹುಡುಕಿ ಪ್ರಿಸೆಟ್ ಒಂದಕ್ಕೆ ಹಾಕಿ. ಆ ಗುಂಡಿಯನ್ನು ಅಪ್ಪನ ಕೈಯಲ್ಲೇ ಒಂದು ಸಲ ಒತ್ತಿಸಿ.