ನಾಲಿಗೆ ಆಡುವಾಗಲೇ ಕೇಳಿಟ್ಟುಕೊಳ್ಳಿ

ಮಕ್ಕಳೇ, ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳಲ್ಲಿ ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತಾರೆ. ಒಂದು ರಾತ್ರಿ ಅಪ್ಪನಿಗೆ ಲಕ್ವ ಹೊಡೆಯುತ್ತದೆ. ಆಂಬುಲೆನ್ಸ್ ಮೈಸೂರು ಮುಟ್ಟುವಷ್ಟರಲ್ಲಿ ಮಾತು ನಿಂತಿರುತ್ತದೆ. ಐಸಿಯು ಬಾಗಿಲಲ್ಲಿ ‘ವೆಂಟಿಲೇಟರ್ ಹಾಕೋದಾದ್ರೆ ಇಲ್ಲಿ ಸೈನ್ ಮಾಡಿ’ ಎಂದು ಕಾಗದ ಚಾಚುತ್ತಾರೆ. ಬೆಂಗಳೂರಿನಿಂದ ಓಡಿಬಂದ ಹಿರಿಮಗ ಹಾಕಿಸಿ ಅನ್ನುತ್ತಾನೆ. ಮಾವನ ಮನಸ್ಸು ಬಲ್ಲವಳು ಜೊತೆಗಿದ್ದು ನೋಡಿಕೊಂಡ ಸೊಸೆ, ಅವಳನ್ನು ಕೇಳುವವರಿಲ್ಲ. ‘ದುಡ್ಡಿನ ಮುಖ ನೋಡಿ ಅಪ್ಪನ್ನ ಬಿಟ್ಟರು’ ಅನ್ನುವ ನೆಂಟರ ಬಾಯಿಗೆ ಹೆದರಿಯೇ ಎಷ್ಟೋ ಸಹಿ ಬೀಳುತ್ತವೆ.

ಉತ್ತರ ಕನ್ನಡದ ಹಳದೀಪುರದ ಮಗಳು, ನರ್ಸ್ ಅರುಣಾ ಶಾನಭಾಗ 1973ರಲ್ಲಿ ಹಲ್ಲೆಗೊಳಗಾಗಿ, ಮುಂಬೈನ ಕೆಇಎಂ ಆಸ್ಪತ್ರೆಯ ಹಾಸಿಗೆಯಲ್ಲಿ 2015ರವರೆಗೆ, ಅಂದರೆ 41 ವರ್ಷಕ್ಕೂ ಹೆಚ್ಚು ಕಾಲ, ಉಸಿರಾಡಿಕೊಂಡಿದ್ದರು. ಬಿಡುಗಡೆ ಕೊಡಿ ಎಂದು ಒಬ್ಬ ಲೇಖಕಿ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಅರುಣಾಳನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯ ದಾದಿಯರು ನಿಂತರು. ಇಬ್ಬರದೂ ಅಂತಃಕರಣವೇ. ಅರುಣಾಗೆ ಏನು ಬೇಕಿತ್ತೋ, ಕೇಳುವಂತಿರಲಿಲ್ಲ.

ಕೊನೆಗಾಲದಲ್ಲಿ ನಮಗೆ ಏನು ಬೇಕು, ಏನು ಬೇಡ ಎಂದು ಈಗ ಮೊದಲೇ ಬರೆದಿಡಬಹುದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಆ ಹಕ್ಕು ಕೊಟ್ಟಿತು. 2023ರಲ್ಲಿ ಮ್ಯಾಜಿಸ್ಟ್ರೇಟರ ಸಹಿಯ ತಾಪತ್ರಯ ತೆಗೆಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿದೆ. 18 ತುಂಬಿ ಬುದ್ಧಿ ಸ್ವಸ್ಥವಾಗಿರುವ ಯಾರೇ ಆಗಲಿ, ವಾಸಿಯಾಗುವ ಆಸೆಯೇ ಇಲ್ಲದಾಗ ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದರೆ ಸಾಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಕಾಗದ ಇದೆಯೆಂದು ಡಾಕ್ಟರು ತಕ್ಷಣ ಯಂತ್ರ ಆರಿಸುವುದಿಲ್ಲ: ಮೂವರು ವೈದ್ಯರ ಎರಡು ಮಂಡಳಿಗಳು ಒಂದಾದ ಮೇಲೊಂದು ನೋಡಿ ಒಪ್ಪಬೇಕು, ಕಾಗದದಲ್ಲಿ ಹೆಸರಿಸಿದವರೂ ಒಪ್ಪಬೇಕು. ಸಾಯಿಸುವ ಇಂಜೆಕ್ಷನ್ನಿಗೆ ಇಲ್ಲಿ ಜಾಗವಿಲ್ಲ. ನೋವಿನ ಔಷಧಿ, ಮೈ ಒರೆಸುವುದು, ಮಗ್ಗುಲು ತಿರುಗಿಸುವುದು ಕೊನೆಯವರೆಗೂ ನಡೆಯಬೇಕು.

ಕೇಳುವುದು ಹೇಗೆ ಅಂತೀರಾ? ಕಾನೂನಿನಿಂದ ಶುರು ಮಾಡಬೇಡಿ. ‘ಅವ್ವ, ಕೊನೆಗಾಲದಲ್ಲಿ ಮನೆಯಲ್ಲಿ ಇರಬೇಕಾ, ಆಸ್ಪತ್ರೆಯಲ್ಲಾ?’ ಎಂದು ಕೇಳಿ, ಸುಮ್ಮನಿರಿ. ನಮ್ಮ ಕಡೆಯ ಮುದುಕರಿಗೆ ಈ ಉತ್ತರ ಎಂದೋ ಸಿದ್ಧವಿದೆ: ನಮ್ಮ ಮನೆ, ಹಣೆಗೆ ಮಾದಪ್ಪನ ದೂಳ್ತ (ವಿಭೂತಿ), ಬಾಯಿಗೆ ಮಕ್ಕಳ ಕೈಯಿಂದ ಒಂದು ಗುಟುಕು ನೀರು. ಇಲ್ಲ, ಕೊನೇ ಉಸಿರಿನವರೆಗೂ ಪ್ರಯತ್ನ ಮಾಡಿಸಿ ಅಂದರೆ ಅದನ್ನೂ ಹಾಗೇ ಬರೆಯಿರಿ. ಖರ್ಚು ಉಳಿಸುವ ಲೆಕ್ಕವನ್ನು ಮಾತ್ರ ಈ ಮಾತಿನೊಳಗೆ ತರಬೇಡಿ. ಹೆತ್ತವರಿಗೆ ಅದು ಥಟ್ಟನೆ ಗೊತ್ತಾಗುತ್ತದೆ. ಬರೆದ ಮೇಲೆ ಪಹಣಿ, ಆಧಾರ್ ಇಟ್ಟಿರುವ ಕವರಿಗೇ ಸೇರಿಸಿ, ನಿಮ್ಮ ಡಾಕ್ಟರಿಗೊಂದು ಪ್ರತಿ ಕೊಡಿ. ಬೀರುವಿನ ಕೀಲಿ ಒಬ್ಬರ ಹತ್ತಿರ, ಕಾಗದ ಒಳಗೆ ಅಂತಾದರೆ ಬರೆದೂ ಉಪಯೋಗವಿಲ್ಲ.

ಅಪಘಾತ ವಯಸ್ಸು ಕೇಳಿ ಬರುವುದಿಲ್ಲ, ಬೈಕ್ ಓಡಿಸುವ ನೀವೂ ಬರೆಯಿರಿ.

ದೀಪಾವಳಿಗೆ ಮಾದಪ್ಪನ ಬೆಟ್ಟದ ಜಾತ್ರೆಗೆಂದು ಎಲ್ಲರೂ ಊರಿಗೆ ಬರುತ್ತೀರಲ್ಲ, ಅಣ್ಣತಮ್ಮ ಅಕ್ಕತಂಗಿ, ಸೊಸೆಯಂದಿರೂ ಕೂತಿರುವಾಗ ಕೇಳಿ. ಮೊದಲು ಬೈಸಿಕೊಳ್ಳುತ್ತೀರಿ. ಬೈಸಿಕೊಂಡೇ ಕೇಳಿ.